ಸಹಾಯ ಬೇಕು: ಆಪ್-ವಿನಲ್ಲಿ ಎರಡು ಸಾಫ್ಟ್‌ವೇರಿಗೆ ಎರಡು ಜಾವಾ ಕೊಡೋದು ಹೇಗೆ?

ಎಲ್ರಿಗೂ ನಮಸ್ಕಾರ. ಮಡಿಕೇರಿ ಹತ್ರ ಒಂದು ಕಾಫಿ ತೋಟದ ಆಫೀಸಲ್ಲಿ ಕಂಪ್ಯೂಟರ್ ನೋಡ್ಕೊಳ್ತೀನಿ, ಒಟ್ಟು 14 ಇದೆ. ಆಪ್-ವಿ 5.1ರಲ್ಲಿ (ಸಾಫ್ಟ್‌ವೇರನ್ನ ಕಂಪ್ಯೂಟರಲ್ಲಿ ನೇರವಾಗಿ ಇನ್‌ಸ್ಟಾಲ್ ಮಾಡದೆ ಪ್ಯಾಕೇಜ್ ಮಾಡಿ ಓಡ್ಸೋ ಮೈಕ್ರೋಸಾಫ್ಟ್ ವ್ಯವಸ್ಥೆ) ಬಟವಾಡೆ ಸಾಫ್ಟ್‌ವೇರ್ ಒಂದು ಪ್ಯಾಕೇಜ್, ಅದು ಓಡೋಕೆ ಬೇಕಾದ ಜಾವಾ ಬೇರೆ ಪ್ಯಾಕೇಜ್ ಮಾಡಿ ಎರಡನ್ನೂ ಒಂದೇ ಕನೆಕ್ಷನ್ ಗ್ರೂಪಿಗೆ (ಪ್ಯಾಕೇಜುಗಳು ಒಂದನ್ನೊಂದು ಬಳಸೋ ಹಾಗೆ ಜೋಡಿಸೋ ಗುಂಪು) ಸೇರಿಸಿದ್ದೆ, ಚೆನ್ನಾಗೇ ಓಡ್ತಿತ್ತು. ಹೋದ ವಾರ ಕಾಫಿ ಸ್ಟಾಕ್ ಸಾಫ್ಟ್‌ವೇರಿಗೆ ಹೊಸ ಜಾವಾ ಬೇಕು ಅಂತ ಅದೇ ಜಾವಾ ಪ್ಯಾಕೇಜನ್ನೇ ಅಪ್‌ಡೇಟ್ ಮಾಡ್ದೆ, ಪ್ಯಾಕೇಜ್ ಐಡಿ ಅದೇ ಉಳೀತು, ವರ್ಷನ್ ಐಡಿ ಬದಲಾಯ್ತು, ಅಲ್ಲಿಂದ ಶುರುವಾಯ್ತು ನೋಡಿ.

ಗ್ರೂಪಿನ ಎಕ್ಸ್‌ಎಂಎಲ್‌ನಲ್ಲಿ ವರ್ಷನ್ ಐಡಿ ಜಾಗಕ್ಕೆ ಸ್ಟಾರ್ (ಯಾವ ವರ್ಷನ್ ಆದ್ರೂ ಸರಿ ಅಂತ) ಹಾಕಿದ್ರೆ ಸ್ಟಾಕ್ ತೆರೀತದೆ, ಬಟವಾಡೆದು ಖಾಲಿ ಬಿಳಿ ವಿಂಡೋ ತೋರ್ಸಿ ತಾನೇ ಮುಚ್ಕೊಳ್ತದೆ. ಹಳೇ ಐಡಿ ಬರೆದ್ರೆ ಗ್ರೂಪೇ ಎನೇಬಲ್ ಆಗಲ್ಲ. ಎರಡು ಗ್ರೂಪ್ ಮಾಡಿ ಪ್ರಯಾರಿಟಿ ಬದಲಾಯಿಸ್ದೆ, ಪ್ಯಾಕೇಜುಗಳ ಕ್ರಮ ಹಿಂದೆಮುಂದೆ ಮಾಡ್ದೆ, ರಿಪೇರ್ ಕಮಾಂಡೂ ಕೊಟ್ಟೆ, ಏನೂ ಆಗ್ಲಿಲ್ಲ. ಶನಿವಾರ ಬಟವಾಡೆ, ಆಳುಗಳು ಸಾಲು ನಿಂತಿರ್ತಾರೆ, ಅವರಿಗೆ ನಾಳೆ ಬನ್ನಿ ಅನ್ನೋಕೆ ನಂಗೆ ಮನಸ್ಸಿಲ್ಲ.

ಒಂದೇ ಪ್ಯಾಕೇಜಿನ ಎರಡು ವರ್ಷನ್ ಒಬ್ಬನೇ ಯೂಸರಿಗೆ ಒಟ್ಟಿಗೆ ಪಬ್ಲಿಷ್ ಮಾಡೋಕಾಗತ್ತಾ? ಇಲ್ಲಾಂದ್ರೆ ಹಳೇ ಜಾವಾನ ಹೊಸದಾಗಿ ಸೀಕ್ವೆನ್ಸ್ ಮಾಡಿ (ಅಂದ್ರೆ ಮೊದಲಿಂದ ಪ್ಯಾಕೇಜ್ ಕಟ್ಟಿ) ಬೇರೆ ಪ್ಯಾಕೇಜ್ ಐಡಿ ಕೊಡ್ಬೇಕಾ? ಮಾಡಿ ನೋಡಿರೋರು ದಯವಿಟ್ಟು ಹೇಳಿ.