ಅಪ್‌ಡೇಟ್: ಶಾಂಪೂ ಬದಲಿಸಿದ್ದಕ್ಕೇ ಕೂದಲು ಉದುರಿತಾ?

ಹೊಸ ಶಾಂಪೂ ಹಚ್ಚಿದ ಎರಡೇ ವಾರಕ್ಕೆ ಕೂದಲು ಕೈಗೆ ಬರ್ತಿದೆ, ಅದೇ ಕಾರಣವಾ ಅಂತ ಕೇಳಿದ್ದೆ. ಹಾಸನದಲ್ಲಿ ಚರ್ಮವೈದ್ಯರಿಗೆ ತೋರಿಸಿದೆ, ಶಾಂಪೂ ಅಲ್ಲವಂತೆ.

ಉದುರಿದ ಕೂದಲಿನ ತುದಿ ನೋಡಿ. ಬಿಳಿ ಗುಂಡು ಇದ್ದರೆ ಬುಡದಿಂದ ಬಂದದ್ದು. ಗುಂಡಿಲ್ಲದ ಚೋಟುದ್ದ ತುಂಡಾದರೆ ನಡುವೆ ಮುರಿದದ್ದು. ಬೋರ್‌ವೆಲ್‌ನ ಗಡಸು ನೀರು, ಒದ್ದೆಯಲ್ಲೇ ಬಾಚೋದು ಮುರಿಯೋದಕ್ಕೆ ಕಾರಣ ಆಗಬಹುದು. ಬುಡದಿಂದ ಉದುರೋದು ಬೇರೆಯೇ ಕಥೆ: ಜೋರು ಜ್ವರ, ಹೆರಿಗೆ, ಕಬ್ಬಿಣದ ಕೊರತೆಯ ಪೆಟ್ಟು ಕಾಣೋದೇ 2–3 ತಿಂಗಳು ತಡವಾಗಿ. ಅಷ್ಟರಲ್ಲಿ ಬದಲಿಸಿದ ಬಾಟಲಿ ಮೇಲೆ ತಪ್ಪು ಬೀಳುತ್ತೆ. ಫೆರಿಟಿನ್ (ದೇಹದಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟಿದೆ ಅಂತ ತಿಳಿಸೋ ರಕ್ತ) ಪರೀಕ್ಷೆ ಖಂಡಿತ ಮಾಡಿಸಿ.

ದಿನಕ್ಕೆ 50–100 ಕೂದಲು ಉದುರೋದು ಸಹಜ. ವಾರಕ್ಕೊಮ್ಮೆ ತಲೆಸ್ನಾನ ಮಾಡೋರಿಗೆ ಅಂದೇ ರಾಶಿ ಬರುತ್ತೆ.

ನೆತ್ತಿ ಕೆಂಪಾಗಿ ತುರಿಸಿದರೆ ಮಾತ್ರ ಶಾಂಪೂ ಅಲರ್ಜಿ ಇರಬಹುದು, ತಕ್ಷಣ ನಿಲ್ಲಿಸಿ.