ಮುಂದಿನ ಪ್ಯಾಡ್ ಬದಲಾಯಿಸಿದ ಮೇಲೆ ಸಿಬಿಎಸ್ ಬೈಕಿನ ಚಕ್ರ ಹಿಡಿಯುತ್ತೆ, ಅನುಭವ ಇದ್ದವರು ಹೇಳಿ

ಕೇಳ್ತಿರೋದು, ಶೆಟ್ಟಿಹಳ್ಳಿ, ತುಮಕೂರು:

ಎಲ್ಲರಿಗೂ ನಮಸ್ಕಾರ. ನಂದು 160 ಸಿಸಿ ಸಿಬಿಎಸ್ ಬೈಕು (ಒಂದು ಬ್ರೇಕ್ ಒತ್ತಿದರೆ ಎರಡೂ ಚಕ್ರಕ್ಕೆ ಬ್ರೇಕ್ ಬೀಳೋ ವ್ಯವಸ್ಥೆ), ಹಿಂದೆ ಮುಂದೆ ಎರಡೂ ಡಿಸ್ಕ್. ಮುಂದಿನ ಕ್ಯಾಲಿಪರ್‌ನಲ್ಲಿ (ಪ್ಯಾಡನ್ನ ಡಿಸ್ಕ್ ಮೇಲೆ ಒತ್ತೋ ಭಾಗ) ಮೂರು ಪಿಸ್ಟನ್ ಇದೆ. ಹೋದ ವಾರ ಮುಂದಿನ ಪ್ಯಾಡ್ ಮನೆಯಲ್ಲೇ ಹೊಸದು ಹಾಕಿದೆ. ಕೈ ಬ್ರೇಕ್ ಚೆನ್ನಾಗಿದೆ. ದೇವರಾಯನದುರ್ಗದಿಂದ ಕಾಲಿನ ಬ್ರೇಕ್ ಒತ್ತುತ್ತಾ ಇಳಿದರೆ, ಕೆಳಗೆ ಬರೋ ಹೊತ್ತಿಗೆ ಮುಂದಿನ ಚಕ್ರ ಹಿಡ್ಕೊಂಡಂಗೆ ಆಗುತ್ತೆ, ನ್ಯೂಟ್ರಲ್‌ನಲ್ಲಿ ತಳ್ಳಿದರೂ ಭಾರ. ಸ್ವಲ್ಪ ಹೊತ್ತು ನಿಲ್ಲಿಸಿದರೆ ಸಡಿಲ ಆಗುತ್ತೆ. ಹಿಂದಿನ ಡಿಸ್ಕ್ ಕೂಡ ಮುಟ್ಟೋಕಾಗದಷ್ಟು ಬಿಸಿ. ಬ್ರೇಕ್ ಆಯಿಲ್ ಲೈನಿನ ಏರ್ ತೆಗೆಸಬೇಕಾ, ಕ್ಯಾಲಿಪರ್ ಬದಲಾಯಿಸಬೇಕಾ?

ಕ್ಯಾತ್ಸಂದ್ರದಿಂದ:

ಅಣ್ಣ, ಕ್ಯಾಲಿಪರ್‌ಗೆ ದುಡ್ಡು ಹಾಕಬೇಡಿ ಈಗಲೇ. ಏರ್ ಇದ್ದರೆ ಪೆಡಲ್ ಮೆತ್ತಗಾಗಿ ಕೆಳಗೆ ಹೋಗುತ್ತೆ, ಚಕ್ರ ಹಿಡಿಯಲ್ಲ. ನಿಮ್ಮದು ಒತ್ತಡ ವಾಪಸ್ ಹೋಗದೆ ಉಳಿಯೋ ಲಕ್ಷಣ. ಹಿಂದಿನ ಡಿಸ್ಕೂ ಬಿಸಿ ಅಂದಿದ್ದೀರಲ್ಲ, ಅದೇ ಮುಖ್ಯ ಸುಳಿವು.

ಮೂರು ಪಿಸ್ಟನ್ ಇರೋ ಸಿಬಿಎಸ್‌ನಲ್ಲಿ ಪಕ್ಕದ ಎರಡು ಪಿಸ್ಟನ್ ಕೈ ಲಿವರ್‌ದು. ಮಧ್ಯದ್ದು ಕಾಲಿನ ಪೆಡಲ್‌ದು. ಪೆಡಲ್ ಒತ್ತಿದರೆ ಹಿಂದಿನ ಕ್ಯಾಲಿಪರ್ ಜೊತೆ ಮುಂದಿನ ಮಧ್ಯದ ಪಿಸ್ಟನ್ನೂ ಕೆಲಸ ಮಾಡುತ್ತೆ. ಅಂದರೆ ಕ್ಯಾಲಿಪರ್ ಒಂದೇ ಆದರೂ ಅದರೊಳಗೆ ಎರಡು ಬೇರೆ ಬೇರೆ ಆಯಿಲ್ ಲೈನ್ ಇದೆ. ಹೊಸ ಪ್ಯಾಡ್ ದಪ್ಪ ಇರೋದರಿಂದ ಮೂರೂ ಪಿಸ್ಟನ್ ಒಳಗೆ ತಳ್ಳಲೇಬೇಕು. ಪಕ್ಕದವುಗಳ ಆಯಿಲ್ ಹ್ಯಾಂಡಲ್ ಮೇಲಿನ ಆಯಿಲ್ ತುಂಬೋ ಕಪ್‌ಗೆ ಹೋಗುತ್ತೆ, ಮಧ್ಯದ್ದು ಹಿಂದಿನ ಬ್ರೇಕ್‌ನ ಕಪ್‌ಗೆ ಹೋಗುತ್ತೆ. ಮುಂದಿನ ಪ್ಯಾಡ್ ತಾನೇ ಹಾಕಿದ್ದು ಅಂತ ಹಿಂದಿನ ಕಪ್ ಯಾರೂ ನೋಡಲ್ಲ. ಹಳೇ ಪ್ಯಾಡ್ ಸವೆದಾಗ ಯಾರಾದರೂ ಅದಕ್ಕೆ ಮೇಲಿನ ಗೆರೆವರೆಗೂ ಆಯಿಲ್ ತುಂಬಿಸಿದ್ದರೆ, ಈಗ ಅದು ಗೆರೆ ದಾಟಿರುತ್ತೆ. ಇಳಿಜಾರಿನಲ್ಲಿ ಆಯಿಲ್ ಬಿಸಿಯಾಗಿ ಹಿಗ್ಗಿದಾಗ ವಾಪಸ್ ಹೋಗೋಕೆ ಜಾಗ ಇರಲ್ಲ, ಪಿಸ್ಟನ್ ಪ್ಯಾಡನ್ನ ಡಿಸ್ಕ್‌ಗೆ ಒತ್ತುತ್ತಲೇ ಇರುತ್ತೆ. ತಣ್ಣಗಾದರೆ ಬಿಡುತ್ತೆ. ನೀವು ಹೇಳಿದ್ದು ಇದಕ್ಕೆ ಸರಿಯಾಗಿ ಹೊಂದುತ್ತೆ.

ಅನುಮಾನ ಇದ್ದರೆ ಹೀಗೆ ನೋಡಿ. ಡಬಲ್ ಸ್ಟ್ಯಾಂಡ್ ಹಾಕಿ ಹಿಂದಿನ ಸೀಟಲ್ಲಿ ಒಬ್ಬರನ್ನ ಕೂರಿಸಿದರೆ ಮುಂದಿನ ಚಕ್ರ ಏಳುತ್ತೆ (ಡಬಲ್ ಸ್ಟ್ಯಾಂಡ್ ಇಲ್ಲದಿದ್ದರೆ ಎಂಜಿನ್ ಕೆಳಗೆ ಭದ್ರವಾಗಿ ಜಾಕಿ ಕೊಡಿ). ಚಕ್ರ ಹಿಡಿದಿರುವಾಗಲೇ ಮಧ್ಯದ ಪಿಸ್ಟನ್‌ನ ನಿಪ್ಪಲ್‌ಗೆ (ಆಯಿಲ್, ಗಾಳಿ ಹೊರಬಿಡೋ ಸಣ್ಣ ಸ್ಕ್ರೂ) ಪೈಪ್ ಸಿಕ್ಕಿಸಿ, ತುದಿ ಬಾಟಲಿಗೆ ಬಿಟ್ಟು, ಕಾಲು ಸುತ್ತು ಸಡಿಲ ಮಾಡಿ. ಆಯಿಲ್ ಚಿಮ್ಮಿ ಚಕ್ರ ತಕ್ಷಣ ಫ್ರೀ ಆದರೆ ದೋಷ ಪೆಡಲ್ ಲೈನಿನಲ್ಲಿ. ಫ್ರೀ ಆಗದಿದ್ದರೆ ಆ ನಿಪ್ಪಲ್ ಮುಚ್ಚಿ, ಪಕ್ಕದ ಪಿಸ್ಟನ್‌ಗಳ ನಿಪ್ಪಲ್ ಸಡಿಲಿಸಿ ನೋಡಿ. ಆಗ ಬಿಟ್ಟರೆ ಲಿವರ್ ಲೈನಿನಲ್ಲಿ. ಎರಡಕ್ಕೂ ಬಗ್ಗದಿದ್ದರೆ ಪಿಸ್ಟನ್ ಅಥವಾ ಕ್ಯಾಲಿಪರ್ ಜಾರೋ ಪಿನ್ ಜಾಮ್. ಕೈ ಜೋಪಾನ, ಕ್ಯಾಲಿಪರ್ ಸುಡ್ತಿರುತ್ತೆ. ಆಯಿಲ್ ಪೇಂಟ್ ಮೇಲೆ ಬಿದ್ದರೆ ಪೇಂಟ್ ಕಿತ್ತುಬರುತ್ತೆ, ತಕ್ಷಣ ನೀರು ಹಾಕಿ ತೊಳೀರಿ. ಆದರೆ ಬಿಸಿ ಡಿಸ್ಕ್ ಮೇಲೆ ಮಾತ್ರ ನೀರು ಬೇಡ.

ಗುಬ್ಬಿಯಿಂದ, ಗ್ಯಾರೇಜ್ ಇಟ್ಕೊಂಡಿರೋರು:

ಮೇಲಿನೋರು ಹೇಳಿದ್ದು ಸರಿ ಐತೆ, ಆದ್ರೆ ನಾನು ಕಪ್‌ಗಿಂತ ಮೊದ್ಲು ಪೆಡಲ್ ಪ್ಲೇ (ಬ್ರೇಕ್ ಹಿಡಿಯೋಕೆ ಮುಂಚಿನ ಸಡಿಲ) ನೋಡ್ತೀನಿ. ಪೆಡಲ್ ಎತ್ತರ ಸರಿ ಮಾಡೋಕೆ ಹೋಗಿ ಮಾಸ್ಟರ್ ಸಿಲಿಂಡರಿನ (ಪೆಡಲ್ ಒತ್ತಿದಾಗ ಆಯಿಲ್ ತಳ್ಳೋ ಭಾಗ) ಪುಶ್ ರಾಡ್ ಉದ್ದ ಮಾಡಿರ್ತಾರೆ. ಪ್ಲೇ ಪೂರ್ತಿ ಹೋದ್ರೆ ಕಾಲು ತೆಗೆದ್ರೂ ಒಳಗಿನ ಪಿಸ್ಟನ್ ಪೂರ್ತಿ ವಾಪಸ್ ಬರಲ್ಲ, ಆಯಿಲ್ ಕಪ್‌ಗೆ ಹೋಗೋ ಸಣ್ಣ ತೂತು ಮುಚ್ಚಿಕೊಂಡೇ ಇರ್ತದೆ. ಕಪ್‌ನಲ್ಲಿ ಎಷ್ಟೇ ಜಾಗ ಇದ್ರೂ ಆಗ ಉಪಯೋಗ ಇಲ್ಲ. ಕೈಯಲ್ಲಿ ಪೆಡಲ್ ಮೆಲ್ಲಗೆ ಒತ್ತಿ ನೋಡಿ, ಗಟ್ಟಿಯಾಗೋಕೆ ಮುಂಚೆ ಸ್ವಲ್ಪ ಸಡಿಲ ಸಿಗಬೇಕು.

ಇನ್ನೊಂದು, ಕ್ಯಾಲಿಪರ್ ಜಾರೋ ಪಿನ್ ಎರಡನ್ನೂ ಬಿಚ್ಚಿ. ನಮ್ಮ ಕಡೆ ಮಣ್ಣು ರಸ್ತೇಲಿ ಓಡಾಡೋ ಗಾಡಿಗಳ ಪಿನ್ ರಬ್ಬರ್ ಹರಿದು ಒಳಗೆಲ್ಲಾ ಧೂಳು ತುಂಬಿರ್ತದೆ. ಸಿಲಿಕೋನ್ ಗ್ರೀಸ್ ಮಾತ್ರ ಹಚ್ಚಿ. ಬೇರಿಂಗ್‌ಗೆ ಹಾಕೋ ಗ್ರೀಸ್ ಹಚ್ಚಿದ್ರೆ ರಬ್ಬರ್ ಊದಿಕೊಂಡು ಪಿನ್ ಇನ್ನೂ ಬಿಗಿ ಆಗ್ತದೆ. ಪೆಟ್ರೋಲ್‌ನಲ್ಲಿ ಪಿಸ್ಟನ್ ಸೀಲ್ ತೊಳೆಯೋದಂತೂ ಬೇಡವೇ ಬೇಡ. ಇದನ್ನ ನಾನು ಬರೋರಿಗೆಲ್ಲಾ ಕೂಗಿ ಹೇಳ್ತೀನಿ, ಬ್ರೇಕ್ ವಿಷಯದಾಗೆ ಉಳಿತಾಯ ಮಾಡೋಕೆ ಹೋಗಬಾರದು.

ಶಿರಾದಿಂದ:

ಓದೋರಿಗೆ ಒಂದು ಮಾತು. ಇದೆಲ್ಲಾ ಆಯಿಲ್ ಲೈನ್ ಇರೋ ಸಿಬಿಎಸ್‌ಗೆ. 2019ರ ಏಪ್ರಿಲ್‌ನಿಂದ 125 ಸಿಸಿವರೆಗಿನ ಗಾಡಿಗಳಿಗೆ ಸಿಬಿಎಸ್ ಇಲ್ಲವೇ ಎಬಿಎಸ್ (ಚಕ್ರ ಲಾಕ್ ಆಗದಂಗೆ ತಡೆಯೋದು), ಅದಕ್ಕೂ ಮೇಲಿನವಕ್ಕೆ ಎಬಿಎಸ್ ಕಡ್ಡಾಯ ಆಯ್ತಲ್ಲ, ಆಗಿಂದ ಬಂದಿರೋ ಎರಡೂ ಕಡೆ ಡ್ರಮ್ ಇರೋ ಸ್ಕೂಟರ್‌ಗಳಲ್ಲಿ ಜೋಡಣೆ ಕೇಬಲ್‌ದು. ಅದರಲ್ಲಿ ಚಕ್ರ ಹಿಡಿದರೆ ಕೇಬಲ್ ತುಕ್ಕು, ಬ್ರೇಕ್ ಶೂ, ಅಡ್ಜಸ್ಟ್ ನಟ್ ನೋಡಿ.

ಕೇಳಿದವರು, ಶೆಟ್ಟಿಹಳ್ಳಿ:

ಎಲ್ಲರಿಗೂ ತುಂಬಾ ಧನ್ಯವಾದ. ಬೆಟ್ಟದ ಕೆಳಗೇ ನಿಲ್ಲಿಸಿ ಪರೀಕ್ಷೆ ಮಾಡಿದ್ವಿ. ಮಧ್ಯದ ನಿಪ್ಪಲ್ ಸಡಿಲಿಸಿದ ಕೂಡಲೇ ಆಯಿಲ್ ಚಿಮ್ಮಿ ಚಕ್ರ ಫ್ರೀ. ಹಿಂದಿನ ಕಪ್ ಮುಚ್ಚಳ ತೆಗೆದರೆ ಆಯಿಲ್ ಅಂಚಿನವರೆಗೂ ಇತ್ತು. ಗುಬ್ಬಿ ಅಣ್ಣ ಹೇಳಿದ ಪೆಡಲ್ ಪ್ಲೇ ಇದೆ, ಪಿನ್‌ಗಳೂ ಚೆನ್ನಾಗಿ ಜಾರುತ್ತಿವೆ. ಆಯಿಲ್ ಕಾಫಿ ಬಣ್ಣಕ್ಕೆ ತಿರುಗಿದೆ. ಪೂರ್ತಿ ಬದಲಾಯಿಸಲಾ?

ಕ್ಯಾತ್ಸಂದ್ರದಿಂದ:

ಖಂಡಿತ ಬದಲಾಯಿಸಿ. ಬ್ರೇಕ್ ಆಯಿಲ್ ಗಾಳಿಯಿಂದ ನೀರಿನಂಶ ಎಳ್ಕೊಳ್ಳುತ್ತೆ. ಡಾಟ್ 4 ದರ್ಜೆಯ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೂ ಕುದಿಯಬಾರದು ಅನ್ನೋದು ನಿಯಮ, ನೀರು ಸೇರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತೆ. ಬೆಟ್ಟ ಇಳಿಯುವಾಗ ಅದು ಕುದ್ದರೆ ಪೆಡಲ್ ಒತ್ತಿದರೂ ಬ್ರೇಕ್ ಸಿಗಲ್ಲ. ಕಪ್ ಮುಚ್ಚಳದ ಮೇಲೆ ಯಾವ ಡಾಟ್ ಬರೆದಿದೆಯೋ ಅದನ್ನೇ ತನ್ನಿ, ಸೀಲ್ ಒಡೆಯದ ಡಬ್ಬಿ. ಡಾಟ್ 5 ಅಂತ ಬರೋದು ಸಿಲಿಕೋನ್‌ದು, ಅದು ಬೇಡ. ಪೆಡಲ್ ಲೈನಿಗೆ ಹಿಂದಿನ ಕ್ಯಾಲಿಪರ್‌ನಲ್ಲೂ ಮುಂದಿನ ಮಧ್ಯದ ನಿಪ್ಪಲ್‌ನಲ್ಲೂ ಏರ್ ತೆಗೀಬೇಕು. ಮುಂದಕ್ಕೆ ಹೋಗೋ ಪೈಪ್ ಉದ್ದ ಇರೋದರಿಂದ ಹೊತ್ತು ಹಿಡಿಯುತ್ತೆ, ಅವಸರ ಬೇಡ. ನಡುವೆ ಕಪ್ ಖಾಲಿ ಆಗೋಕೆ ಬಿಡಬೇಡಿ. ಮುಗಿದ ಮೇಲೆ ಲಿವರ್, ಪೆಡಲ್ ಎರಡನ್ನೂ ಗಟ್ಟಿಯಾಗೋವರೆಗೂ ಒತ್ತಿ, ಆಮೇಲೆ ಗಾಡಿ ಹತ್ತಿ. ಮೊದಲು ಬೀದಿಯಲ್ಲೇ ನಿಧಾನಕ್ಕೆ ಓಡಿಸಿ ನೋಡಿ. ಬೆಟ್ಟಕ್ಕೆ ಹೋಗೋದು ಆಮೇಲೆ ಇರಲಿ.