ಮುಳ್ಳುಮೈ ತೊರಕೆ: ಗುರುತು ಹೇಗೆ, ಬಲೆಗೆ ಬಿದ್ದರೆ ಏನು ಮಾಡೋದು?

ಪ್ರಶ್ನೆ: ಸರ್, ಪಾರ್ಕ್ಯುಪೈನ್ ರೇ ಅನ್ನೋ ಮುಳ್ಳುಮೈ ತೊರಕೆ ಮೀನನ್ನು ಹಿಡಿಯೋ ಹಾಗಿಲ್ಲ, ಮಾರೋ ಹಾಗಿಲ್ಲ ಅಂತಾರೆ. ಬಂದರಲ್ಲಿ ರಾಶಿ ಹಾಕಿದಾಗ ಎಲ್ಲ ತೊರಕೆನೂ ಒಂದೇ ಥರ ಕಾಣತ್ತೆ. ಬಾಲದಲ್ಲಿ ವಿಷಮುಳ್ಳು ಇಲ್ಲ ಅಂದ್ರೆ ಅದೇ ತಾನೇ?

ಉತ್ತರ: ಅದೊಂದನ್ನೇ ನಂಬಬೇಡಿ. ಪಾರ್ಕ್ಯುಪೈನ್ ರೇಗೆ (ವೈಜ್ಞಾನಿಕ ಹೆಸರು ಯುರೋಜಿಮ್ನಸ್ ಆಸ್ಪೆರಿಮಸ್) ವಿಷಮುಳ್ಳು ಇಲ್ಲ, ನಿಜ. ಆದರೆ ಕೈಗೆ ಚುಚ್ಚೀತು ಅಂತ ಬೇರೆ ತೊರಕೆಗಳ ಬಾಲವನ್ನೂ ಬೋಟಲ್ಲೇ ಕಡಿದಿರ್ತಾರೆ. ಮೊದಲು ಬಾಲದ ಬುಡದಲ್ಲಿ ಕಡಿದ ಗಾಯ ಇದೆಯಾ ನೋಡಿ, ಆಮೇಲೆ ಬೆನ್ನು. ಮೈ ಹೆಚ್ಚುಕಡಿಮೆ ಗುಂಡಗೆ, ನಡುವೆ ದಪ್ಪಗೆ ಉಬ್ಬಿರತ್ತೆ. ಮೇಲ್ಗಡೆ ಬೂದು ಇಲ್ಲವೇ ಕಂದು, ಚುಕ್ಕೆ ಇರಲ್ಲ, ಹೊಟ್ಟೆ ಬಿಳಿ. ಬೆನ್ನಿಡೀ ಚಪ್ಪಟೆ ಬಿಲ್ಲೆಗಳು, ಅವುಗಳ ನಡುವೆ ಚೂಪಾದ ಮುಳ್ಳುಗಳು. ಬೇರೆ ಕೆಲವು ತೊರಕೆಗೂ ಮುಳ್ಳುಂಟು, ಆದರೆ ನಡುಬೆನ್ನಲ್ಲಿ ಸಾಲಾಗಿ. 1801ರಲ್ಲಿ ಇಟ್ಟ ‘ಆಸ್ಪೆರಿಮಸ್’ ಅನ್ನೋ ಲ್ಯಾಟಿನ್ ಹೆಸರಿನ ಅರ್ಥವೇ ‘ತೀರಾ ಒರಟು’. ಮೋಸ ಹೋಗೋದು ಮರಿಗಳಲ್ಲಿ: ಚೂಪು ಮುಳ್ಳು ಬೆಳೀತಾ ಬರೋದು. ಮರಿಯಾದರೆ ಬಾಲ ನೋಡಿ: ಸಪೂರ, ವಿಷಮುಳ್ಳಿಲ್ಲ, ಅಡಿಯಲ್ಲಿ ಚರ್ಮದ ಮಡಿಕೆಯೂ ಇಲ್ಲ.

ಪ್ರಶ್ನೆ: ಜೀವಂತ ಬಿದ್ದರೆ?

ಉತ್ತರ: ದಪ್ಪ ಗ್ಲೌಸ್ ಹಾಕ್ಕೊಳ್ಳಿ. ವಿಷ ಇಲ್ಲ ಅಂತ ಬರಿಗೈ ಹಾಕಿದರೆ ಅಂಗೈ ಹರಿಯತ್ತೆ. ಬಲೆ ಬಿಡಿಸ್ತಾ ಕೂರಬೇಡಿ, ಕೊಯ್ದುಬಿಡಿ. ಒದ್ದೆ ಟಾರ್ಪಾಲನ್ನು ಅಡಿಗೆ ತೂರಿಸಿ ಇಬ್ಬರು ಎರಡು ಕಡೆಯಿಂದ ಎತ್ತಿ. ಬಾಲ ಹಿಡಿದು ಎಳೆಯೋದು, ಕೊಕ್ಕೆ ಹಾಕೋದು ಬೇಡ. ಕಣ್ಣಿನ ಹಿಂದೆ ಎರಡು ತೂತು ಕಾಣತ್ತಲ್ಲ, ಉಸಿರಿನ ನೀರು ಒಳಗೆ ಹೋಗೋದು ಅಲ್ಲಿಂದ. ಹಿಡಿತಕ್ಕೆ ಚೆನ್ನಾಗಿ ಸಿಗತ್ತೆ ಅಂತ ಅಲ್ಲಿಗೇ ಬೆರಳು ಹಾಕ್ತಾರೆ, ಅದೇ ದೊಡ್ಡ ತಪ್ಪು. ನೀರಿಗೆ ಎಸೀಬೇಡಿ, ಜಾರಿಸಿ ಬಿಡಿ. ಬಿಡುವಾಗ ಮೊಬೈಲಲ್ಲಿ ವಿಡಿಯೊ ಇರಲಿ.

ಪ್ರಶ್ನೆ: ಇಷ್ಟು ಬಿಗಿ ಕಾನೂನು ಯಾಕೆ? ಇದನ್ನು ತಿನ್ನೋರೂ ಕಡಿಮೆ ಅಲ್ವಾ?

ಉತ್ತರ: ಮಾಂಸಕ್ಕಿಂತ ಚರ್ಮಕ್ಕೆ ಹಿಂದೆ ಬೆಲೆ ಇತ್ತು, ಕತ್ತಿಯ ಹಿಡಿಗೆ ಸುತ್ತೋಕೆ. ಈಗಿನ ಕಷ್ಟ ಬೇರೆ. ಇದಿರೋದು ದಡದ ಹತ್ತಿರ, ಸುಮಾರು 30 ಮೀಟರ್ ಆಳದೊಳಗಿನ ಮರಳು, ಹವಳದ ಪುಡಿ, ಕಡಲಹುಲ್ಲಿನ ಜಾಗದಲ್ಲಿ. ನಮ್ಮ ಬಲೆ ಓಡೋದೂ ಅಲ್ಲೇ. ತೊರಕೆ ಬಂಗುಡೆ, ಬೂತಾಯಿ ಹಾಗೆ ಸಾವಿರಗಟ್ಟಲೆ ಮೊಟ್ಟೆ ಇಡಲ್ಲ. ಗರ್ಭದಲ್ಲೇ ಹಾಲಿನಂಥ ದ್ರವ ಉಣಿಸಿ ಬೆಳೆಸಿ, ಕೆಲವೇ ಮರಿ ಹಾಕತ್ತೆ. ಹಾಗಾಗಿ 2001ರಲ್ಲೇ ಇದನ್ನು ವನ್ಯಜೀವಿ ಕಾಯ್ದೆಯ ಒಂದನೇ ಅನುಸೂಚಿಗೆ, ಅಂದರೆ ಅತಿ ಹೆಚ್ಚು ರಕ್ಷಣೆ ಇರೋ ಪ್ರಾಣಿಗಳ ಪಟ್ಟಿಗೆ, ಸೇರಿಸಿದರು. ಸತ್ತು ಬಂದರೂ ಹರಾಜಿಗೆ ಇಡಬೇಡಿ, ಅರಣ್ಯ ಇಲಾಖೆಗೆ ತಿಳಿಸಿ.